ಐವತ್ತನೆಯ ಗುರುತು

ಸಹೃದಯ ವಾಚಕ ಮಹಾಶಯರೇ, ನೆಟ್ಟಗೆ ತೂಗುವುದೊಂದೇ ಜೀವನವೃತ್ತಿಯಾದ ಈ ಹಿತ್ತಾಳೆಯ ತೂಗುಗುಂಡಿನ ಬಿನ್ನಹವನ್ನು ಕೊಂಚ ಲಾಲಿಸಬೇಕು.

ಒಡೆದ ಹಂಡೆಯೊಂದನ್ನು ಕರಗಿಸಿ ಕುಂದಾಪುರದ ಕಂಚುಗಾರರೊಬ್ಬರು ನನ್ನನ್ನು ಎರೆದರು. ಹನ್ನೆರಡು ವರ್ಷ ಮೇಸ್ತ್ರಿಯೊಬ್ಬರ ಗೋಡೆಗಳ ಪಕ್ಕ ತೂಗಿದೆ. ಅವರ ಕಣ್ಣು ಮಂಜಾದಾಗ ಗಂಗೊಳ್ಳಿಯ ಅಣ್ಣಪ್ಪ ಖಾರ್ವಿಯ ಚೀಲ ಸೇರಿದೆ. ದೋಣಿ ಬಿಟ್ಟು ಸೇತುವೆಯ ಕೆಲಸ ಹಿಡಿದಿದ್ದ ಅವನೊಡನೆ ನಾಲ್ಕು ದೇಶ ಸುತ್ತಿದೆ. ತಾನು ಕಟ್ಟಿದ ಯಾವ ಸೇತುವೆಯ ಮೇಲೂ ಅವನು ದಡದಿಂದ ದಡಕ್ಕೆ ನಡೆದವನಲ್ಲ. ಮುಗಿಯುವ ಮೊದಲೇ ಬೇರೆಡೆಯಿಂದ ಕರೆ ಬರುತ್ತಿತ್ತು. "ಇದೊಂದ್ರ ಮೇಲಾರೂ ನಡ್ದೇ ಹೋಪ್ದ್" ಎಂದು ಈ ಸಲ ಹಟ ತೊಟ್ಟಿದ್ದ.

ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಈ ಸೇತುವೆಗೋ ನೆರೆದೇಶದ ತಕರಾರು. ಅವರ ಏಕೈಕ ಬಂದರು ಕೊಲ್ಲಿಯ ಒಳಗಿತ್ತು. ತುಂಬು ಉಬ್ಬರದಲ್ಲೂ ನೀರಿನಿಂದ ಐವತ್ತು ಮೀಟರ್ ಎತ್ತರವಿಲ್ಲದಿದ್ದರೆ ತಮ್ಮ ಹಡಗುಗಳು ದಾಟಲಾರವು ಎಂದರು. ಯಂತ್ರಗಳ ಲೆಕ್ಕವನ್ನು ನಂಬದೆ, ಕಣ್ಣೆದುರೇ ಹಗ್ಗ ಇಳಿಬಿಡಿ ಎಂದರು. ಅವರು ಒಪ್ಪಿದರೆ ನಡುವಿನ ಕೊನೆಯ ತುಂಡನ್ನು ಕೂಡಿಸಬಹುದಿತ್ತು.

ಮೀಟರಿಗೊಂದು ಕೆಂಪು ಗುರುತಿದ್ದ ಹೊಸ ನಾರಿನ ಹಗ್ಗಕ್ಕೆ ನನ್ನನ್ನು ಕಟ್ಟಿದರು. ಹೊಸ ಹಗ್ಗವನ್ನು ಸಮುದ್ರಕ್ಕೆ ಅದ್ದಿ, ಕಣ್ಣಿಗೊತ್ತಿಕೊಳ್ಳದೆ ಬಳಸುವ ಪದ್ಧತಿ ಅಣ್ಣಪ್ಪನ ಮನೆತನದಲ್ಲಿಲ್ಲ. ಅದ್ದಿದ, ಒತ್ತಿಕೊಂಡ, ಉಬ್ಬರ ತುಂಬಿದಾಗ ಮೇಲೇರಿ ಇಳಿಬಿಟ್ಟ. ನನ್ನ ಮೂಗು ನೀರಿಗೆ ತಾಕಿದಾಗ ಸೇತುವೆಯ ಅಡಿಯಂಚಿನಲ್ಲಿ ಸರಿಯಾಗಿ ಐವತ್ತನೆಯ ಗುರುತಿತ್ತು. ನೆರೆದೇಶದ ಅಧಿಕಾರಿ ರುಜು ಹಾಕಲು ಪೆನ್ನು ತೆಗೆದ.

ಹಗ್ಗ ಸುತ್ತುತ್ತಿದ್ದ ಅಣ್ಣಪ್ಪನ ಕೈ ನಿಂತಿತು. ಬೆಳಿಗ್ಗೆ ಎಡಭುಜದಿಂದ ಬಲಗೈಯ ಬೆರಳತುದಿಗೆ ಬರುತ್ತಿದ್ದ ಒಂದು ಮೀಟರಿನ ಗುರುತು ಈಗ ಒಂದು ಬೆರಳು ಹಿಂದೆ ಬಿದ್ದಿತ್ತು. ನೆನೆದ ನಾರು ಕುಗ್ಗಿತ್ತು; ಐವತ್ತು ಗುರುತೆಂದರೆ ಐವತ್ತು ಮೀಟರ್ ಆಗಿರಲಿಲ್ಲ.

ಅವನು ಕೈಯೆತ್ತಿ ಹೇಳಿಬಿಟ್ಟ. ಒಣ ಹಗ್ಗ ತರಿಸಿ ಅಳೆದರು: ನಲವತ್ತೊಂಬತ್ತು. ಪೆನ್ನು ಜೇಬಿಗೆ ಮರಳಿತು. ಕೆಲಸ ನಿಂತಿತು. ಆಳುಗಳೆಲ್ಲ ಊರ ದಾರಿ ಹಿಡಿಯಬೇಕಾಯಿತು.

"ಹ್ವಾಯ್ ಅಣ್ಣಪ್ಪಣ್ಣ, ಬಾಯ್ ಮುಚ್ಕಂಡ್ ಇದ್ದಿರೆ ಎಂತ ಆತಿತ್? ನೀ ಎಂತ ಹರಿಶ್ಚಂದ್ರನಾ?" ಎಂದು ಜೊತೆಯ ಮಂಜ ಮೊಗವೀರ ರೇಗಿದ.

"ನಾನೇನೋ ಬಾಯ್ ಮುಚ್ಕಂತೆ. ತಲಿ ಕುಟ್ಕಂಡ್ ಹಡ್ಗ್ ಬಾಯ್ ಮುಚ್ಚತ್ತಾ ಮಾರಾಯಾ?"

ಮಂಜ ನಗಲಿಲ್ಲ. ಅಣ್ಣಪ್ಪ ಸೇತುವೆಯ ಕೂಡದೆ ಉಳಿದ ಕೊನೆಯವರೆಗೆ ನಡೆದು, ಎದುರಿನ ತುದಿಯನ್ನು ಬಹಳ ಹೊತ್ತು ನೋಡಿ ಹಿಂದಿರುಗಿದ.

ನನ್ನ ಮೂಗು ಸವೆದಿದೆ; ತೂಗಿ ತೂಗಿ ದಣಿದಿದ್ದೇನೆ. ಆದರೂ ಯಾರ ಕೈಯಲ್ಲಿ ತೂಗಿದೆನೆಂದು ಕೇಳಿದರೆ ಹೇಳಲು ನನಗೊಂದು ಹೆಸರಿದೆ.

ಅಣ್ಣಪ್ಪ ನನ್ನನ್ನು ಒಣ ಲುಂಗಿಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದ. ಊರಿನ ಹಾದಿ ಆಚೆ ದಡದಲ್ಲಿತ್ತು. ಚೀಲ ಹೆಗಲಿಗೇರಿಸಿ, ಸೇತುವೆಯ ನೆರಳಿನಲ್ಲಿ ಕಾದಿದ್ದ ದೋಣಿಯತ್ತ ಹೊರಟ.