ಸೃಷ್ಟಿಯ ಪಕ್ಕ ಕೂತುಕೋ

ಬಾಗಿಲಲ್ಲಿ ಯಾರೋ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದಾರೆ, ಚರ್ಚಿನೊಳಗೆ ಹೆಲ್ಮೆಟ್ಟಾ, ಹಿಂದಿನಿಂದ ಬಿಸಿಲು, ಮುಖ ಕಾಣುವುದಿಲ್ಲ, ಇರಲಿ, ತಡವಾಗಿ ಬಂದವರು ಹಿಂದೆ ಕೂರುತ್ತಾರೆ, ಹಾಡಿನ ಎರಡನೇ ಸಾಲು ಬಂತು, ಒಳಗೆ ಹೋಗು, ಸೃಷ್ಟಿಯ ಪಕ್ಕ ಕೂತುಕೋ — ಸೂರಜ್ ಕೀಬೋರ್ಡಿನ ಮೇಲೆ ಬೆರಳು ಮೆತ್ತಗೆ ಇಟ್ಟಿದ್ದಾನೆ, ಪೀಳಮೇಡು ಏರ್‌ಪೋರ್ಟಿನ ವಿಮಾನ ತಲೆಯ ಮೇಲೇ ಹೋಯಿತು, ತಗಡಿನ ಸೂರು ಅದುರಿತು, ಯಾರೂ ಕಣ್ಣು ಬಿಡಲಿಲ್ಲ, ಮುಂದಿನ ಸಾಲಿನಲ್ಲಿ ಅಮ್ಮ ಕೂಡ, ಎರಡು ಕೈಯೂ ಮೇಲೆ, ಸೆರಗು ಜಾರಿದ್ದೂ ಗೊತ್ತಿಲ್ಲ ಅವಳಿಗೆ — ಆ ಹೆಲ್ಮೆಟ್ಟಿನ ಕೆಳಗೆ, ಎದೆಯ ಮೇಲೆ, ಏನೋ ಹಳದಿಯದು ಆಡುತ್ತಿದೆ. ಪಾಸು. ಆಸ್ಪತ್ರೆಯ ಪಾಸು. ಹಾಗಾದರೆ ಅದು ಪ್ರಭಾಕರನ್, ನನ್ನ ತಂಗಿ ಸೃಷ್ಟಿಯ ಗಂಡ, ಅವನು ಇಲ್ಲಿ ಇರಬಾರದು.

ಇರಲೇಬಾರದು, ಯಾಕೆಂದರೆ ಪಾಸು ಇರುವುದು ಒಂದೇ, ಐಸಿಯು ಬಾಗಿಲಿನ ಸೆಕ್ಯೂರಿಟಿ ಮೊದಲ ದಿನವೇ ಹೇಳಿದ್ದ, ಒರು ಪಾಸ್, ಒರು ಆಳ್, ಅವ್ವಳವುದಾನ್ ಅಮ್ಮಾ, ಒಂದು ಪಾಸಿಗೆ ಒಬ್ಬರೇ, ಅಷ್ಟೇ, ಅದನ್ನು ಕೊರಳಿಗೆ ಹಾಕಿಕೊಂಡವರು ಆ ಬೆಂಚು ಬಿಟ್ಟು ಏಳುವಂತಿಲ್ಲ, ಒಳಗಿನಿಂದ ನರ್ಸ್ ತಲೆ ಹಾಕಿ ಸೃಷ್ಟಿ ಅಟೆಂಡರ್ ಯಾರುಂಗ ಎಂದು ಕರೆದ ತಕ್ಷಣ ಎದ್ದು ಓಡಬೇಕು, ಔಷಧಿಗೆ, ರಕ್ತಕ್ಕೆ, ಸಹಿಗೆ, ಡೆಂಗಿ ಅಂದರೆ ಬರೀ ಜ್ವರ ಅಂದುಕೊಂಡಿದ್ದೆವಲ್ಲ, ಟೀ ಕುಡಿಯಬೇಕಾದರೂ ಇನ್ನೊಬ್ಬರ ಕೊರಳಿಗೆ ಪಾಸು ಹಾಕಿಯೇ ಹೋಗುತ್ತಿದ್ದೆವು. ಇವತ್ತು ಬೆಳಿಗ್ಗೆ ಅಮ್ಮ ತನ್ನ ಕೊರಳಿನಿಂದ ತೆಗೆದು ಅವನಿಗೆ ಹಾಕಿದಳು, ಅವನೇ ನನ್ನನ್ನು ತೋರಿಸಿ, ಅತ್ತೆ ನೀವು ಮೇರಿ ಅಕ್ಕನ ಜೊತೆ ಚರ್ಚ್‌ಗೆ ಪೋಯಿಟ್ಟು ಬನ್ನಿ, ನಾನ್ ಇರ್ತೀನಿ ಇಲ್ಲೇ, ಎಲ್ಲೂ ಹೋಗಲ್ಲ — ಎಲ್ಲೂ ಹೋಗಲ್ಲ ಎಂದಿದ್ದನಲ್ಲ. ಹಾಗಾದರೆ ಈಗ ಆ ಬೆಂಚಿನ ಮೇಲೆ ಯಾರಿದ್ದಾರೆ, ಒಳ್ಳೆಯದಾಗಿರಬಹುದು, ವಾರ್ಡಿಗೆ ಹಾಕಿರಬಹುದು, ವಾರ್ಡಾದರೂ ಯಾರಾದರೂ ಜೊತೆಗಿರಬೇಕು, ಒಳ್ಳೆಯ ಸುದ್ದಿಯಾಗಿದ್ದರೆ ಅವನು ಇಷ್ಟು ಹೊತ್ತಿಗೆ ಅಮ್ಮನ ಹತ್ತಿರ ಓಡಿ ಬರುತ್ತಿದ್ದ, ಚಪ್ಪಲಿಯನ್ನು ಜೋಡಿಸಿಟ್ಟು ಬರುವ ಮನುಷ್ಯ ಬೂಟು ಹಾಕಿಕೊಂಡೇ ನಿಂತಿದ್ದಾನೆ, ಫೋನ್ ಮಾಡಿರುತ್ತಾನೆ, ಸ್ಪೀಕರ್ ಕರಕರ ಅನ್ನುತ್ತದೆ ಅಂತ ನನ್ನದು ಆಫ್ ಮಾಡಿಟ್ಟಿದ್ದೇನೆ. ಯೇಸಪ್ಪಾ, ಅವನು ಹೆಲ್ಮೆಟ್ ತೆಗೆಯದಿರಲಿ.

ನಮಗೆ ಮುಚ್ಚಿದ ಬಾಗಿಲು ನಿನಗೆ ತೆರೆದಿದೆ, ಹಾಡುತ್ತಲೇ ಇದ್ದೇನೆ, ನನ್ನ ಬಾಯಿಗೆ ನನ್ನ ಅಪ್ಪಣೆ ಬೇಕಾಗಿಲ್ಲ, ಆ ಬೆಂಚಿನ ಮೇಲೇ ಹುಟ್ಟಿದ ಹಾಡು ಇದು, ಒಳಗೆ ಬಿಡುವುದಿಲ್ಲವಲ್ಲ ಎಂಬ ಸಿಟ್ಟಿಗೆ ಗುನುಗಿದ್ದು, ಎರಡೇ ಸಾಲು, ಅಮ್ಮ ಕೇಳಿ ಮೂಗು ಮುರಿದಿದ್ದಳು, ನಿಮ್ಮ ಈಗಿನ ಪಾಟುಗಳೆಲ್ಲ ಇಷ್ಟೇ ಕಣೇ, ರೇಷನ್ ಕ್ಯೂ ಇದ್ದಂಗೆ, ಎಷ್ಟು ಹೊತ್ತಾದ್ರೂ ಮುಂದಕ್ಕೇ ಹೋಗಲ್ಲ, ಹಾಸನದ ನಮ್ಮ ಚರ್ಚಲ್ಲಿ ಕೀರ್ತನೆಗೆ ಆರು ಚರಣ ಇರ್ತಿತ್ತು — ಆಮೇಲೆ ಹಾಡಿನಲ್ಲಿ ಮಗಳ ಹೆಸರು ಬಂತು ನೋಡು, ಅಮ್ಮನೇ ಹಿಡಿದುಕೊಂಡಳು, ಪಾತ್ರೆ ತೊಳೆಯುವಾಗಲೂ ಅದೇ. ಈ ಹಾಲಿನಲ್ಲಿ ಎಲ್ಲರೂ ಹಿಡಿದುಕೊಂಡರು, ಹೆಸರಿನ ಜಾಗದಲ್ಲಿ ತಂತಮ್ಮವರನ್ನು ಸೇರಿಸಿಕೊಂಡು, ಗೋಮತಿ ಅಕ್ಕ ತನ್ನ ಅಪ್ಪನನ್ನು, ಇನ್ನೊಬ್ಬರು ಕುಡಿದು ಮನೆ ಬಿಟ್ಟುಹೋದ ಗಂಡನನ್ನು, ಅಲ್ಲಿ ರಾಗವೇ ಕಲಸಿಹೋಗುತ್ತದೆ, ಮತ್ತೆ ಎಲ್ಲರೂ ಒಟ್ಟಿಗೆ ಪಕ್ಕ ಕೂತುಕೋ, ಆ ಗದ್ದಲದಲ್ಲೂ ಅಮ್ಮನ ಸೃಷ್ಟಿ ನನಗೆ ಬೇರೆಯಾಗಿ ಕೇಳುತ್ತದೆ, ಈಗಲೂ ಕೇಳಿತು.

ಮುಗಿಸಬೇಕು. ನಾನು ಮುಷ್ಟಿ ಹಿಡಿದರೆ ಸೂರಜ್ ನಿಲ್ಲಿಸುತ್ತಾನೆ, ಒಂದು ಬೆರಳೆತ್ತಿದರೆ ಇನ್ನೊಂದು ಸಲ, ಅಷ್ಟೇ ನಮ್ಮ ಗುರುತು, ಮುಷ್ಟಿ ಹಿಡಿದರೆ ಹಾಡು ನಿಲ್ಲುತ್ತದೆ, ಹಾಡು ನಿಂತರೆ ಅಮ್ಮ ಕಣ್ಣು ಬಿಡುತ್ತಾಳೆ, ಕಣ್ಣು ಬಿಟ್ಟವಳು ತಿರುಗಿ ಯಾರ್ಯಾರು ಬಂದಿದ್ದಾರೆ ಅಂತ ನೋಡುತ್ತಾಳೆ, ಅದು ಅವಳ ಚಾಳಿ, ಚಿಕ್ಕವರಿದ್ದಾಗ ನಾನೂ ಸೃಷ್ಟಿಯೂ ನಗುತ್ತಿದ್ದೆವು, ಅಮ್ಮ ಹಾಜರಿ ತಗೊಳ್ತಾಳೆ ಅಂತ — ಬೆರಳೆತ್ತಿದೆ. ಇನ್ನೊಂದು ಸಲ. ಮತ್ತೆ ಬೆರಳು. ಸೂರಜ್ ನನ್ನನ್ನು ನೋಡುತ್ತಾನೆ, ಸಾಕಲ್ವಾ ಅಕ್ಕ ಎನ್ನುವ ಕಣ್ಣು, ದೇವರಾಜನ್ ಪಾಸ್ಟರ್‌ಗೆ ಮಾತ್ರ ಸಂತೋಷ, ಪಕ್ಕಕ್ಕೆ ಬಂದು ಕಿವಿಯಲ್ಲಿ, ನಿಲ್ಲಿಸ್ಬೇಡಮ್ಮಾ ಮೇರಿ, ಇನ್ನೊಂದ್ ತಡವೆ ಹಾಡು, ಆಂಡವರು ಇಲ್ಲೇ ಇಳಿದು ಬಂದಿದ್ದಾರೆ — ದೇವರು ಇಲ್ಲಿಗೆ ಯಾಕೆ ಬರಬೇಕಿತ್ತು, ಪಾಸ್ಟರೇ, ನಾವು ಅಲ್ಲಿಗೆ ಹೋಗು ಅಂತ ತಾನೇ ಹಾಡುತ್ತಿರುವುದು, ಇಷ್ಟು ದಿನದಿಂದ ಅದೊಂದೇ ತಾನೇ ಕೇಳಿದ್ದು, ವಾಸಿಮಾಡು ಅಂತಲೂ ಬಾಯಿಬಿಟ್ಟು ಕೇಳಲಿಲ್ಲ, ಒಬ್ಬಳೇ ಇದ್ದಾಳೆ, ಕತ್ತಲೆ ಅಂದರೆ ಹೆದರುತ್ತಾಳೆ, ಹೋಗಿ ಕೂತುಕೋ ಅಂದೆವು.

ಪ್ರಭಾಕರನ್ ಹೆಲ್ಮೆಟ್ ತೆಗೆಯುತ್ತಿದ್ದಾನೆ. ಬೇಡ, ನಾನು ನೋಡುವುದಿಲ್ಲ, ಅಮ್ಮನನ್ನು ನೋಡುತ್ತೇನೆ, ಅಮ್ಮನ ಮುಖದಲ್ಲಿ ಎಂಥ ನೆಮ್ಮದಿ, ಇಷ್ಟು ದಿನದಲ್ಲಿ ಇವತ್ತೇ, ಹಾಡು ಇರುವಷ್ಟು ಹೊತ್ತು ಅವಳ ಮಗಳು ಇದ್ದಾಳೆ, ಹಾಡುತ್ತೇನೆ ಅಮ್ಮಾ, ಗಂಟಲು ಹರಿದರೂ ಹಾಡುತ್ತೇನೆ, ನಮಗೆ ಮುಚ್ಚಿದ ಬಾಗಿಲು — ಅವನು ಕೊರಳಿನಿಂದ ಪಾಸು ತೆಗೆದ, ದಾರವನ್ನು ಅದಕ್ಕೆ ಸುತ್ತುತ್ತಿದ್ದಾನೆ, ನಿಧಾನವಾಗಿ, ಇನ್ನು ಯಾರ ಕೊರಳಿಗೂ ಹಾಕುವುದಿಲ್ಲ ಅನ್ನುವ ಹಾಗೆ — ನಿನಗೆ ತೆರೆದಿದೆ, ಒಳಗೆ ಹೋಗು, ಈಗ ಹೆಸರು, ಹೆಸರು ಬಂತು, ಗೋಮತಿ ಅಕ್ಕನ ಅಪ್ಪ, ಆ ಗಂಡ, ಎಲ್ಲರ ಹೆಸರೂ, ಮೈಕಿನಲ್ಲಿ ನನ್ನದೊಂದು ಇಲ್ಲ, ಬಾಯಿ ತೆರೆದಿದೆ, ಉಸಿರು ಇದೆ, ಹೆಸರು ಬರುತ್ತಿಲ್ಲ, ಕೀಬೋರ್ಡ್ ಕಾಯುತ್ತಿದೆ, ಅಮ್ಮ ಒಬ್ಬಳೇ ಜೋರಾಗಿ, ಸೃಷ್ಟಿಯ, ಆಮೇಲೆ ಅವಳೂ ನಿಲ್ಲಿಸಿದಳು, ಕಣ್ಣು ಬಿಟ್ಟಳು, ನನ್ನನ್ನು ನೋಡಿದಳು, ನನ್ನ ಕಣ್ಣು ಎಲ್ಲಿ ನೆಟ್ಟಿದೆ ಅಂತ ನೋಡಿದಳು, ತಿರುಗುತ್ತಿದ್ದಾಳೆ, ಅಮ್ಮಾ ತಿರುಗಬೇಡ, ಅಲ್ಲಿ ಬೆಂಚಿನ ಮೇಲೆ ಯಾರೂ ಇಲ್ಲ, ಪಾಸು ಇಲ್ಲಿದೆ, ಅವನ ಕೈಯಲ್ಲಿ, ದಾರ ಸುತ್ತಿದ ಹಳದಿ ಪಾಸು, ಹಳದಿ ಪಾಸು