ಖಂಡದ ಸಾರಿಗೆ ಸಣ್ಣ ಕಡಬು

ಅಂಕಲಗಿಯ ಕುರುಬರ ಓಣಿಯ ಚಳಿಗಾಲ ಹೇಗಿರುತ್ತದೆ ಎಂಬುದು ಸತ್ತೆವ್ವನಿಗೆ ಗೊತ್ತೇ ಇರಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ದಸರೆ ಮುಗಿಯುತ್ತಲೇ ಗಂಡ ಹೊಳೆಪ್ಪನ ಹಿಂದೆ, ಅವನ ಕುರಿಗಳ ಹಿಂದೆ, ಊರು ಬಿಟ್ಟು ನಡೆದವಳು ಅವಳು. ಮುಂಗಾರಿನ ಮಿರಗದ ಮಳೆ ಹನಿಯುವ ಹೊತ್ತಿಗೆ ತಿರುಗಿ ಬರುವುದು. ನಡುವಿನ ತಿಂಗಳುಗಳೆಲ್ಲ ಹುಕ್ಕೇರಿ, ಸಂಕೇಶ್ವರದ ಕಡೆಯ ಹೊಲಗಳಲ್ಲಿ ಕಳೆಯುತ್ತಿದ್ದವು. ರೈತರು ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ಕುರಿ ಕೂಡಿಸಿಕೊಳ್ಳುವರು; ಅವಳು ಹೊಲದ ಬದುವಿನ ಮೇಲೆ ಮೂರು ಕಲ್ಲು ಹೂಡಿ ಬಿಡಾರದ ಗಂಡಸರಿಗೆಲ್ಲ ಬೇಯಿಸಿ ಹಾಕುವಳು. ಮಕ್ಕಳಾಗಲಿಲ್ಲ. ಅದನ್ನು ನೆನೆದು ಅಳಲು ಆ ತಿರುಗಾಟದಲ್ಲಿ ಪುರಸೊತ್ತೂ ಇರಲಿಲ್ಲ.

ಹೋದ ಶ್ರಾವಣದಲ್ಲಿ ಹೊಳೆಪ್ಪ ಜ್ವರ ಹತ್ತಿ ತೀರಿಕೊಂಡ. ಕುರಿಗಳೆಲ್ಲ ಮೈದುನ ಮಾಲಿಂಗನ ಹಿಂಡಿಗೆ ಸೇರಿದವು. ದಸರೆಯ ಮರುದಿನ ಟೆಂಪೋದಲ್ಲಿ ಸಾಮಾನು ಹೇರುತ್ತಿದ್ದಾಗ ಸತ್ತೆವ್ವ ತನ್ನ ಗಂಟು ತಂದಿಟ್ಟಳು. ಮಾಲಿಂಗ ಅದನ್ನು ನೋಡಿದವನೇ ಮುಖ ಬೇರೆ ಕಡೆ ತಿರುಗಿಸಿದ.

"ವೈನಿ, ಈ ವರ್ಷ ನೀ ಮನ್ಯಾಗ ಇರು. ನಿನ್ನ ಮೊಣಕಾಲಿಗೆ ನಡ್ಯಾಕ ಆಗೂದಿಲ್ಲ. ಅಡಗಿ ಭಾಗ್ಯಾ ನೋಡ್ಕೋತಾಳ."

ಭಾಗ್ಯಾ ಅವನ ಸೊಸೆ, ಸಾಗರನ ಹೆಂಡತಿ. ಮೊಣಕಾಲು ನೋಯುತ್ತಿದ್ದದ್ದು ಖರೆ. ಸತ್ತೆವ್ವ ಗಂಟನ್ನು ಒಳಗೆ ಒಯ್ದಿಟ್ಟಳು.

ಊರಲ್ಲಿ ಅವಳಿಗೆ ಯಾರೂ ಕೆಟ್ಟದ್ದು ಮಾಡಲಿಲ್ಲ. ಬಾಜೂ ಮನೆಯವರು ಹಬ್ಬಕ್ಕೆ ಹೋಳಿಗೆ ಕೊಟ್ಟರು, ರೇಶನ್ ಅಕ್ಕಿ ತಂದುಕೊಟ್ಟರು. ಆದರೆ ಅವರ ಮಾತೆಲ್ಲ ಸಾಲಿಯ ಮಕ್ಕಳದು, ಟಿವಿಯ ಧಾರಾವಾಹಿಗಳದು. ಅವಳಿಗೆ ಗೊತ್ತಿದ್ದ ಮಾತೆಂದರೆ ಯಾವ ಬಾವಿಯ ನೀರು ಸಿಹಿ, ಯಾವ ಕುರಿಗೆ ಕಾಲುಬ್ಯಾನಿ, ಯಾವ ಊರಿನ ನಾಯಿ ಕೆಟ್ಟದ್ದು. ಅದನ್ನು ಯಾರಿಗೆ ಹೇಳುವುದು? ಕೋಳಿ ಕೂಗುವ ಮೊದಲೇ ದಡಬಡಿಸಿ ಏಳುವಳು. ಎದ್ದು ನಿಂತ ಮೇಲೆ, ಅವಸರ ಮಾಡಲು ಯಾರೂ ಇಲ್ಲವೆಂದು ನೆನಪಾಗಿ, ಕತ್ತಲಲ್ಲಿ ಗೋಡೆಗೆ ಆತು ಕೂಡುವಳು. ಕುರಿಗಳ ಕೆಮ್ಮು ಕೇಳದೆ ಅವಳಿಗೆ ನಿದ್ದೆಯೂ ಸರಿಯಾಗಿ ಹತ್ತುತ್ತಿರಲಿಲ್ಲ.

ಶಿವರಾತ್ರಿ ಹತ್ತಿರ ಬಂದಾಗ ಸಾಗರನ ಫೋನು ಬಂತು. ಏನೋ ಆಧಾರ್ ಕಾರ್ಡಿನ ವಿಚಾರ ಕೇಳಿ, ಮಾತಿನ ನಡುವೆ, "ಈಗ ಬೆಲ್ಲದ ಬಾಗೇವಾಡ್ಯಾಗ ಅದೇವಿ ದೊಡ್ಡವ್ವ, ಪ್ರಭು ಸಾವಕಾರ್ರ ಹೊಲ್ದಾಗ," ಎಂದ.

ಆ ಹೊಲ! ಅಲ್ಲಿಯ ಬಾವಿಯ ನೀರಿಗೆ ಅವರೆಕಾಳು ಬೆಣ್ಣೆಯಂತೆ ಬೇಯುತ್ತಿತ್ತು. ಅದಕ್ಕೇ ಪ್ರತಿ ವರ್ಷ ಅಲ್ಲಿ ಇಳಿದಾಗ ಅವಳು ಒಣ ಖಂಡದ ಸಾರು ಮಾಡುತ್ತಿದ್ದಳು. ಉಪ್ಪು ಅರಿಶಿನ ಸವರಿ ಬಿಸಿಲಿಗೆ ಒಣಗಿಸಿದ ಮಟನ್, ಅವರೆಕಾಳು, ಮೇಲೆ ಜೋಳದ ಹಿಟ್ಟಿನ ಸಣ್ಣ ಕಡಬು. ಗಂಡಸರು ಆ ದಿನ ಕುರಿಗಳನ್ನು ಬೇಗನೆ ಹೊಡೆದುಕೊಂಡು ಬರುತ್ತಿದ್ದರು.

ಅಟ್ಟದ ಮೇಲಿನ ಗಡಿಗೆಯಲ್ಲಿ ಖಂಡ ಇತ್ತು. ಅವಳಿಗೆ ಮತ್ತೆ ವಿಚಾರ ಮಾಡುವುದೇನೂ ಉಳಿಯಲಿಲ್ಲ. ರಾತ್ರಿ ಅವರೆಕಾಳು ನೆನೆ ಹಾಕಿದಳು. ಬೆಳಿಗ್ಗೆ ನೀರು ಬಸಿದು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡಳು. ಖಂಡ, ಜೋಳದ ಹಿಟ್ಟು, ಮಸಾಲೆ ಖಾರ, ಒಂದು ಗಿಟುಕು ಕೊಬ್ಬರಿ. ಸಾರು ಮಾಡಿಯೇ ಒಯ್ಯಬಹುದಿತ್ತು. ಆದರೆ ಬಸ್ಸಿನ ಕುಲುಕಾಟಕ್ಕೆ ಕಡಬು ಒಡೆದು ಅಂಬಲಿಯಾಗುತ್ತದೆ. ಕಡಬು ಬೆಂದ ಗಳಿಗೆಯಲ್ಲೇ ತಾಟಿಗೆ ಬೀಳಬೇಕು. ಹೊರಡುವಾಗ ಬಾಗಿಲ ಹಿಂದಿನ ಕಂಬಳಿಯನ್ನೂ ಮಡಚಿ ಬಗಲಿಗೆ ಹಾಕಿಕೊಂಡಳು. ಯಾಕೆಂದು ತನಗೆ ತಾನೇ ಕೇಳಿಕೊಳ್ಳಲಿಲ್ಲ.

ಗೋಕಾಕದಲ್ಲಿ ಬಸ್ಸು ಬದಲಿಸಿ ಬೆಲ್ಲದ ಬಾಗೇವಾಡಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಹೊಲದ ದಾರಿ ಕಾಲಿಗೇ ಗೊತ್ತಿತ್ತು. ಮೊಣಕಾಲು ಮಾತ್ರ ಎರಡು ಸಲ ಅವಳನ್ನು ಕೂಡಿಸಿತು.

ಕಬ್ಬು ಕಡಿದ ಹೊಲದ ಅಂಚಿಗೆ ಬಿಡಾರ. ಕುರಿಗಳು ಮೇಯಲು ಹೋಗಿದ್ದವು. ಭಾಗ್ಯಾ ಒಬ್ಬಳೇ ಟೆಂಪೋದ ನೆರಳಲ್ಲಿ ಕುಳಿತಿದ್ದಳು, ಎದುರಿಗೆ ಸಣ್ಣ ಗ್ಯಾಸ್ ಒಲೆ. ಸತ್ತೆವ್ವನನ್ನು ಕಂಡು ಗಾಬರಿಯಾಗಿ ಎದ್ದಳು.

"ಯವ್ವಾ, ದೊಡ್ಡವ್ವ! ಏನಾತು? ಊರಾಗ ಎಲ್ಲಾರೂ ಆರಾಮ ಅದಾರಿಲ್ಲೊ?"

"ಏನೂ ಆಗಿಲ್ಲ. ಖಂಡದ ಸಾರು ಮಾಡಾಕ ಬಂದ್ನಿ."

"ಸಾರು ಮಾಡಾಕ? ಅಂಕಲಗಿಯಿಂದ?" ಭಾಗ್ಯಾ ನಗಬೇಕೋ ಬಿಡಬೇಕೋ ತಿಳಿಯದೆ ನಿಂತಳು. ಆಮೇಲೆ ಅವಳ ಕೈಯ ಗಂಟು ಇಳಿಸಿಕೊಂಡು ನೀರು ಕೊಟ್ಟಳು. "ಚೊಲೋ ಆತು ಬಿಡು. ನನ್ನ ಅಡಗಿ ತಿಂದು ತಿಂದು ಮಾವಾರಿಗೆ ಬ್ಯಾಸರ ಆಗೈತಿ. ಬಾಯಿ ಬಿಟ್ಟು ಅನ್ನೂದಿಲ್ಲ, ಮುಖಾ ನೋಡಿದ್ರ ತಿಳೀತೈತಿ."

ಸತ್ತೆವ್ವ ಗ್ಯಾಸ್ ಒಲೆ ಒಲ್ಲೆ ಎಂದಳು. ಮೂರು ಕಲ್ಲು ಹುಡುಕಿ ಹೂಡಿದಳು, ಕಬ್ಬಿನ ಒಣ ಎಲೆಯ ರವದಿ ತುರುಕಿ ಮೇಲೆ ಜಾಲಿಯ ಕಟ್ಟಿಗೆ ಇಟ್ಟಳು. ಖಂಡವನ್ನು ಬಿಸಿನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಕಲ್ಲಿನ ಮೇಲಿಟ್ಟು ಹದವಾಗಿ ಜಜ್ಜಿದಳು. ಮೊದಲಿನ ನೀರು ಚೆಲ್ಲಿದಳು, ಇಲ್ಲವಾದರೆ ಉಪ್ಪು ಬಾಯಿಗೆ ಹಿಡಿಯುತ್ತದೆ. ಹೊಸ ನೀರಿಗೆ ಖಂಡ ಹಾಕಿ, ಅರ್ಧ ಬೆಂದ ಮೇಲೆ ಕಾಳು ಸುರಿದಳು. ಉಳ್ಳಾಗಡ್ಡಿ, ಕೊಬ್ಬರಿ ಎರಡನ್ನೂ ಕೆಂಡದಲ್ಲಿ ಸುಟ್ಟು, ಬೆಳ್ಳುಳ್ಳಿ, ಮಸಾಲೆ ಖಾರದ ಜೊತೆ ಕುಟ್ಟಿ ಸಾರಿಗೆ ಕಲಸಿದಳು. ಹೊಗೆ ಕಣ್ಣಿಗೆ ಹತ್ತಿ ನೀರು ಸುರಿಯಿತು. ಎಷ್ಟೋ ತಿಂಗಳ ಮೇಲೆ ಅವಳ ಕೈ ತಾನಾಗಿ ಓಡಾಡುತ್ತಿತ್ತು.

ಇಳಿಹೊತ್ತಿಗೆ ಕಡಬಿನ ಹಿಟ್ಟು. ಕುದಿಯುವ ನೀರಿಗೆ ಹಿಟ್ಟು ಹಾಕಿ, ಮುಚ್ಚಿಟ್ಟು, ಬಿಸಿ ಇರುವಾಗಲೇ ನಾದಬೇಕು. ಭಾಗ್ಯಾ ಕೈ ಸುಟ್ಟುಕೊಂಡು ಹಿಂದೆ ಎಳೆದಳು.

"ಬಿಸಿ ಐತಿ ಬೇ!"

"ಆರಿದ್ರ ಬಿರಿತೈತಿ, ಸಾರಾಗ ಹಾಕಿದ ಕೂಡಲೆ ಕರಗತೈತಿ. ಕೈ ತಣ್ಣೀರಾಗ ಅದ್ದಿ ನಾದು."

ಇಬ್ಬರೂ ಎದುರುಬದುರು ಕುಳಿತು ಗೋಲಿಯಷ್ಟು ಹಿಟ್ಟು ಚಿವುಟಿ, ಹೆಬ್ಬೆರಳಿನಿಂದ ಒತ್ತಿ ನಡುವೆ ತಗ್ಗು ಮಾಡಿ ಪರಾತದಲ್ಲಿ ಹರವಿದರು. ಆ ತಗ್ಗಿನಲ್ಲೇ ಸಾರು ನಿಲ್ಲುವುದು. ಮುಗಿದ ಮೇಲೆ ಏಳಲು ಹೋದ ಸತ್ತೆವ್ವನಿಗೆ ಕಾಲು ಮೇಲೇಳಲಿಲ್ಲ. ಭಾಗ್ಯಾ ರಟ್ಟೆ ಹಿಡಿದು ಎಬ್ಬಿಸಿದಳು.

ಹೊತ್ತು ಮುಳುಗುವಾಗ ಕುರಿಗಳು ಬಂದವು. ಧೂಳು, ಮರಿಗಳ ಅರಚಾಟ, ಉಣ್ಣೆಯ ವಾಸನೆ. ಸತ್ತೆವ್ವ ಒಲೆಯ ಹತ್ತಿರದಿಂದಲೇ ನೋಡುತ್ತಿದ್ದಳು. ಹೊಳೆಪ್ಪನ ಕುರಿಗಳಿಗೆ ಕಿವಿಯಲ್ಲಿ ಕಚ್ಚಿನ ಗುರುತಿತ್ತು. ಅವು ಈಗ ಉಳಿದವುಗಳಲ್ಲಿ ಬೆರೆತುಹೋಗಿದ್ದವು.

ಮಾಲಿಂಗ ಅವಳನ್ನು ಕಂಡು ಗಕ್ಕನೆ ನಿಂತ. "ವೈನಿ... ಯಾವಾಗ ಬಂದಿ?"

"ಮಧ್ಯಾಹ್ನ."

"ಹ್ಞೂಂ." ಅವನ ಕಣ್ಣು ಟೆಂಪೋದ ಮೇಲಿಟ್ಟ ಅವಳ ಕಂಬಳಿಗೆ ಹೋಯಿತು. ಕೈಕಾಲು ತೊಳೆಯಲು ಹೋದ.

ಅವಳು ಕಡಬುಗಳನ್ನು ಕುದಿಯುವ ಸಾರಿಗೆ ಒಂದೊಂದಾಗಿ ಬಿಟ್ಟಳು. ಮೊದಲು ಮುಳುಗಿದವು, ಸ್ವಲ್ಪ ಹೊತ್ತಿಗೆ ಒಂದರ ಹಿಂದೆ ಒಂದು ಮೇಲೆ ತೇಲಿದವು. ಎಲ್ಲರಿಗೂ ಬಡಿಸಿದಳು. ಕೂಲಿಗೆ ಹೊಸದಾಗಿ ಸೇರಿದ ಯಲ್ಲಾಲಿಂಗ ಎಂಬವನು ಮುದುಕನಂತೆ ಬಾಗಿ ಕುಳಿತು ಸೊರಸೊರ ಕುಡಿದು, ಭಾಗ್ಯಾಳ ಕಡೆ ವಾಲಿ ಮೆಲ್ಲಗೆ ಕೇಳಿದ. ಮೆಲ್ಲಗೆ ಕೇಳಿದರೂ ಸತ್ತೆವ್ವನಿಗೆ ಕೇಳಿಸಿತು.

"ಈ ಯವ್ವ ಯಾರ್ರಿ?"

"ನಮ್ಮ ಊರಾಗಿನ ದೊಡ್ಡವ್ವ."

ಭಾಗ್ಯಾ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೂ ಸತ್ತೆವ್ವನ ಕೈಯ ಸವುಟು ಗಡಿಗೆಯ ಮೇಲೆ ಹಾಗೇ ನಿಂತಿತು. ಈ ಬಿಡಾರದಲ್ಲಿ ಅವಳು ಯಾರೆಂದು ಯಾರಾದರೂ ಕೇಳುವ ಕಾಲ ಬರುತ್ತದೆಂದು ಅವಳು ಅಂದುಕೊಂಡಿರಲಿಲ್ಲ. ಸಾಗರ ಉಣ್ಣುತ್ತಲೇ ಫೋನಿನಲ್ಲಿ ಟಗರಿನ ಕಾಳಗದ ವಿಡಿಯೋ ನೋಡಿ ನಗುತ್ತಿದ್ದ. ನಾಳೆ ಇಲ್ಲಿಂದ ಎದ್ದು ಯಾರ ಹೊಲ, ಸಂಕೇಶ್ವರದ ದಲಾಲಿ ಮರಿಗಳಿಗೆ ಎಷ್ಟು ದರ ಹೇಳಿದ ಎಂಬ ಮಾತು ನಡೆಯಿತು. ಅವಳಿಗೆ ತಿಳಿಯದ ಹೆಸರುಗಳು, ತಿಳಿಯದ ಹೊಲಗಳು. ಒಂದೆರಡು ಸಲ ನಡುವೆ ಬಾಯಿ ಹಾಕಿದಳು. ಅವರು ಸುಮ್ಮನಾಗಿ ಕೇಳಿಸಿಕೊಂಡು, ಮತ್ತೆ ತಮ್ಮ ಮಾತಿಗೆ ಹೋದರು.

ಮಾಲಿಂಗ ಎರಡು ತುತ್ತು ಉಂಡವನು ತಾಟನ್ನು ಅಲ್ಲೇ ಬಿಟ್ಟು ಎದ್ದು ಕುರಿಗಳ ಕಡೆ ಹೋಗಿಬಿಟ್ಟ. ಸತ್ತೆವ್ವ ಗಡಿಗೆಯಲ್ಲಿ ಬೆರಳದ್ದಿ ರುಚಿ ನೋಡಿದಳು. ಉಪ್ಪು ಸರಿಯಿತ್ತು, ಖಾರ ಸರಿಯಿತ್ತು. ಅವಳು ಕಾಲೆಳೆಯುತ್ತ ಅವನ ಹಿಂದೆ ಹೋದಳು.

"ಯಾಕೋ ಮಾಲಿಂಗ? ಸಾರು ಕೆಟ್ಟೈತೇನು?"

ಅವನು ಕುರಿದಡ್ಡಿಯ ತಂತಿಬಲೆಯ ಗೂಟ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದ.

"ಬಾಯಾಗ ಇಟ್ಟ ಕೂಡಲೆ ಅಣ್ಣಾ ಬಾಜೂಕ ಕುಂತಂಗ ಆತು ವೈನಿ. ನುಂಗಾಕ ಆಗ್ಲಿಲ್ಲ." ಗೂಟವನ್ನು ಒಮ್ಮೆ ಅಲ್ಲಾಡಿಸಿ ನೋಡಿದ. "ನಿನಗ ಖರೇ ಹೇಳ್ತೀನಿ. ಮೊಣಕಾಲು ಬರೇ ನೆವಾ. ನಿನ್ನ ಮುಖಾ ನೋಡಿದ್ರ ಅವನ ನೆನಪ ಬರ್ತೈತಿ. ದಿನಾ ಬೆಳಗಾದ್ರ ಅದನ್ನ ತಡಕೊಳ್ಳೂದು ನನ್ನ ಕಡೆ ಆಗೂದಿಲ್ಲ ಅಂತ ನಿನ್ನ ಬಿಟ್ಟು ಬಂದ್ನಿ."

ಸತ್ತೆವ್ವ ಕುರಿಗಳನ್ನು ನೋಡುತ್ತ ನಿಂತಳು. ಸಿಟ್ಟು ಬರುತ್ತದೆ ಎಂದುಕೊಂಡಳು, ಬರಲಿಲ್ಲ.

"ನೆನಪ ಆಗಬಾರದು ಅಂತ ನೀ ನನ್ನ ಬಿಟ್ಟಿ," ಎಂದಳು. "ನಾ ಯಾರ್ನ ಬಿಟ್ಟರ ನನಗ ನೆನಪ ಆಗೂದಿಲ್ಲ, ಅದನ್ನಷ್ಟು ಹೇಳು."

ಮಾಲಿಂಗ ತಲೆಯ ಪಟಕದ ತುದಿಯಿಂದ ಮುಖ ಒರೆಸಿಕೊಂಡು, "ಇರಬೇಕು ಅನಸಿದ್ರ ಇರು ವೈನಿ. ನಾ ಬ್ಯಾಡ ಅನ್ನೂದಿಲ್ಲ," ಎಂದ.

ಬ್ಯಾಡ ಅನ್ನೂದಿಲ್ಲ. ಆ ಮಾತನ್ನು ಅವಳು ಬಾಯಿಯಲ್ಲಿ ಒಮ್ಮೆ ಹೊರಳಿಸಿ ನೋಡಿದಳು. ಬಾ ಎಂದಿದ್ದರೆ ಕುಂಟುತ್ತಲೇ ಕೊಂಕಣದವರೆಗೂ ನಡೆಯುತ್ತಿದ್ದಳು.

"ನಡಿ, ಉಣ್ಣು. ಕಡಬು ಬಿಗಿತಾವ," ಎಂದು ತಿರುಗಿದಳು. ಅವನು ಬಂದು ಕುಳಿತು ತಾಟಿನಲ್ಲಿದ್ದದ್ದನ್ನೆಲ್ಲ ಉಂಡ. ಇನ್ನಷ್ಟು ಹಾಕು ಎಂದು ಕೇಳಿಯೂ ಉಂಡ.

ಬೆಳಿಗ್ಗೆ ಬಿಡಾರ ಕಿತ್ತು ಎಲ್ಲರೂ ಹೊರಟರು. ಭಾಗ್ಯಾ ಟೆಂಪೋ ಹತ್ತುವ ಮೊದಲು ಸತ್ತೆವ್ವನ ಕಾಲು ಮುಟ್ಟಿದಳು. ಮಾಲಿಂಗ ದೂರದಿಂದಲೇ ಕೋಲೆತ್ತಿ ತೋರಿಸಿ ನಡೆದ. ಕುರಿಗಳು ಸಂಕೇಶ್ವರದ ಕಡೆಯ ದಾರಿ ತುಂಬ ಹರಡಿ, ಆಮೇಲೆ ಸಣ್ಣಗಾಗಿ, ಕಬ್ಬಿನ ಮರೆಗೆ ಹೋದವು. ಹೊಲದಲ್ಲಿ ಹಿಕ್ಕೆ ಮತ್ತು ಬೂದಿ ಉಳಿದವು. ಸತ್ತೆವ್ವ ಒಲೆಯ ಕಲ್ಲುಗಳನ್ನು ಬದುವಿಗೆ ಎತ್ತಿ ಹಾಕಿದಳು, ನೇಗಿಲಿಗೆ ಅಡ್ಡ ಬರಬಾರದೆಂದು.

ಪ್ರಭು ಸಾವಕಾರರ ಹೆಂಡತಿ ಅನ್ನಪೂರ್ಣಾ ಡೇರಿಗೆ ಹಾಲು ಹಾಕಿ ಬರುತ್ತಿದ್ದವಳು ಅವಳನ್ನು ಕಂಡು ನಿಂತಳು. ಲಿಂಗಾಯತರ ಹೆಂಗಸು, ಮಾಂಸ ಬೇಯುವ ಸತ್ತೆವ್ವನ ಗಡಿಗೆಯ ಹತ್ತಿರ ಎಂದೂ ಬಂದವಳಲ್ಲ. ಆದರೆ ಪ್ರತಿ ವರ್ಷ ಒಂದು ತಂಬಿಗೆ ಮಜ್ಜಿಗೆ ಕಳಿಸುತ್ತಿದ್ದಳು.

"ನೀ ಹೊಳೆಪ್ಪನ ಹೇಣ್ತಿ ಅಲ್ಲೇನು? ಈ ಸಲ ಕಾಣವಲ್ಲಿ ಅಂತ ನಮ್ಮವರ ಮುಂದ ಅಂದಿದ್ನಿ ನೋಡು. ಹೊಳೆಪ್ಪ ಎಲ್ಲಿ?"

"ಹೋದ್ರಿ. ಶ್ರಾವಣದಾಗ."

ಅನ್ನಪೂರ್ಣಾ ಬಾಯಿಗೆ ಸೆರಗು ಒತ್ತಿಕೊಂಡಳು. ಬಸ್ಸು ಬರುವವರೆಗೂ ರಸ್ತೆಯಲ್ಲಿ ಜೊತೆಗೆ ನಿಂತಳು. ಅವಳ ಹಾಲಿನ ಕ್ಯಾನಿಗೆ ನೊಣ ಮುತ್ತುತ್ತಿದ್ದರೂ ಹೋಗಲಿಲ್ಲ.

ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಅಂಕಲಗಿ ಬಸ್ಸಿಗೆ ಕಾಯುತ್ತ ಕುಳಿತಿದ್ದಾಗ ಫೋನು ಗುಂಯ್‌ಗುಟ್ಟಿತು. ಭಾಗ್ಯಾ.

"ದೊಡ್ಡವ್ವ, ಹೈವೇ ಮ್ಯಾಲ ಒಂದು ಕುರಿಗೆ ಗಾಡಿ ಬಡದೈತಿ. ಕೊಯ್ಯಬೇಕಾತು. ಇಷ್ಟು ಖಂಡ ಒಣಗಸಾಕ ಉಪ್ಪು ಎಷ್ಟು ಹಾಕ್ಲಿ?"

ಸತ್ತೆವ್ವ ಎದ್ದು ನಿಂತಳು, ಕುಳಿತು ಹೇಳುವ ಮಾತಲ್ಲ ಅದು ಎಂಬಂತೆ. ಬಸ್ಸುಗಳ ಗದ್ದಲದ ಮೇಲೆ ದನಿ ಏರಿಸಿ ಹೇಳತೊಡಗಿದಳು. ಉದ್ದಕ್ಕೆ ಕೊಯ್ಯಬೇಕು, ಎಳೆ ಹಿಡಿದು. ಹರಳುಪ್ಪು ಕುಟ್ಟಿ ಹಾಕು, ಪುಡಿ ಉಪ್ಪು ಬ್ಯಾಡ. ಅರಿಶಿನಾ ಕೈ ತುಂಬ. ನೆರಳಾಗ ಮೊದಲ ನೀರು ಇಳಿಲಿ, ಆಮ್ಯಾಲ ಬಿಸಲಿಗೆ. ಹಗ್ಗಾ ಎತ್ತರ ಕಟ್ಟು, ನಾಯಿ ಜಿಗಿತಾವ. ಸಂಜಿ ಆದ ಕೂಡಲೆ ಒಳಗ ತಗಿ, ಮಂಜು ಬಿದ್ರ ಬೂಸ್ಲು ಹಿಡಿತೈತಿ. ಹೇಳುತ್ತ ಹೇಳುತ್ತ ಅವಳ ಇನ್ನೊಂದು ಕೈ ಗಾಳಿಯಲ್ಲೇ ಹಗ್ಗ ಕಟ್ಟಿತು.

"ತಿಳೀತಿಲ್ಲೊ?" ಎಂದು ಕೇಳಿದಳು.

ಉತ್ತರ ಬರಲಿಲ್ಲ. ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಲೈನು ಯಾವಾಗಲೋ ಕಡಿದುಹೋಗಿತ್ತು. ಎಲ್ಲಿಯವರೆಗೆ ಭಾಗ್ಯಾಳಿಗೆ ಕೇಳಿಸಿತೋ, ಎಲ್ಲಿಂದ ತಾನೊಬ್ಬಳೇ ಮಾತಾಡಿದ್ದೋ ತಿಳಿಯಲಿಲ್ಲ. ತಿರುಗಿ ಹಚ್ಚಿದಳು. ಹತ್ತಲಿಲ್ಲ. ಬಾಜೂ ಕುಳಿತ ಹೆಂಗಸು ಇವಳನ್ನೇ ನೋಡುತ್ತಿದ್ದವಳು, ಕಣ್ಣು ತಪ್ಪಿಸಿ ತನ್ನ ಚೀಲ ಸರಿಮಾಡಿಕೊಂಡಳು.

ಅಂಕಲಗಿ ಬಸ್ಸು ಬಂತು. ಸತ್ತೆವ್ವ ಕಂಬಿ ಹಿಡಿದು, ಒಳ್ಳೆಯ ಕಾಲನ್ನು ಮೊದಲು ಮೆಟ್ಟಿಲ ಮೇಲಿಟ್ಟು ಹತ್ತಿದಳು. ಕಿಟಕಿಯ ಹತ್ತಿರ ಜಾಗ ಸಿಕ್ಕಿತು.