ಪುಣೆಯವರು ಕೇಳಿದ ಕೀಲಿ

ಸರ್ವರ್ ಬಾಡಿಗೆ ತಿಂಗಳಿಗೆ ಒಂಬತ್ತು ಸಾವಿರ, ಬೈಲಹೊಂಗಲದ ಟೈರ್ ಅಂಗಡಿಯ ಮೇಲಿನ ಕೋಣೆಗೆ ಮೂರು ಸಾವಿರ, ಹೊರಗಿನವರಿಂದ ಕೋಡ್ ತಪಾಸಣೆಗೆ ನಾಲ್ಕು ಲಕ್ಷ. ಆ ನಾಲ್ಕು ಲಕ್ಷ ನಾಜಿಯಾಳ ಹತ್ತಿರ ಇರಲಿಲ್ಲ. ಅವಳೂ ಗೆಳೆಯ ಕಲ್ಮೇಶನೂ ಕಟ್ಟುತ್ತಿದ್ದದ್ದು ಕ್ರಿಪ್ಟೊ ವಿನಿಮಯ ಕೇಂದ್ರ. ಒಂದು ಬ್ಲಾಕ್‌ಚೈನಿನ ನಾಣ್ಯ ಕೊಟ್ಟು ಇನ್ನೊಂದರದ್ದನ್ನು ಪಡೆಯಬಹುದು, ನಡುವೆ ನಾಣ್ಯ ಹಿಡಿದಿಟ್ಟುಕೊಳ್ಳುವವರು ಯಾರೂ ಇರುವುದಿಲ್ಲ.

ಪುಣೆಯ ಸಾಹುಕಾರರೊಬ್ಬರು ದುಡ್ಡು ಕೊಡಲು ಒಪ್ಪಿದರು. ಆದರೆ ಜನರು ಇಟ್ಟ ನಾಣ್ಯಗಳನ್ನು ಬೇಕೆಂದಾಗ ತೆಗೆಯುವ ಕೀಲಿ ಅವರ ಕೈಯಲ್ಲಿರಬೇಕಂತೆ.

"ಕೊಟ್ಟಬಿಡು ನಾಜಿ, ಅವರೇನ ಕಳ್ಳರೇನು?" ಎಂದ ಕಲ್ಮೇಶ.

"ಕಳ್ಳರಂತ ಯಾರಂದ್ರೋ? ದನದ ಪ್ಯಾಟ್ಯಾಗ ದಲ್ಲಾಳಿ ಆಗಿ ನಮ್ಮಪ್ಪ ಟವೆಲ್ ಕೆಳಗ ಬೆರಳ ಹಿಡದು ವ್ಯಾಪಾರ ಕುದರಸ್ತಾನ. ಆದ್ರ ಎತ್ತಿನ ಹಗ್ಗಾನೂ ರೊಕ್ಕಾನೂ ತಾನ ಹಿಡಕೊಂಡ ಕುಂತ್ರ, ಮುಂದಿನ ವಾರ ಯಾರ ಬರ್ತಾರ?"

"ಹಂಗಾರ ನೀನೂ ಎತ್ತ ಮಾರಾಕ ಹೋಗು!"

ನಾಜಿಯಾ ನಕ್ಕಳು. ನಗುತ್ತಲೇ ಪುಣೆಗೆ ಫೋನು ಹಚ್ಚಿ ಬೇಡವೆಂದಳು. ತಪಾಸಣೆಯಾಗದೆ ಜನರ ನಿಜವಾದ ನಾಣ್ಯ ಮುಟ್ಟಲು ಅವಳು ಒಪ್ಪಲಿಲ್ಲ. ವಿನಿಮಯ ಕೇಂದ್ರ ಇನ್ನೂ ಬೆಲೆಯಿಲ್ಲದ ಪರೀಕ್ಷೆಯ ನಾಣ್ಯಗಳಲ್ಲೇ ನಡೆದಿದೆ.

ನಾಲ್ಕು ಲಕ್ಷ ಕೈತಪ್ಪಿತು, ಕೆಲಸ ಒಂದು ವರ್ಷ ಹಿಂದೆ ಬಿತ್ತು. ಕಲ್ಮೇಶ ಒಂದು ವಾರ ಮಾತು ಬಿಟ್ಟ, ಜೊತೆ ಬಿಡಲಿಲ್ಲ.